ಪಿಂಕಿಯ ಉಸಿರು, ನನ್ನ ಹೊಕ್ಕಳು

ನಾಯಿಗೆ ಹೆದರುವವನು ನಾಯಿ ಸಾಕಬೇಕಾಗಿ ಬಂದರೆ ಎಂಥದನ್ನು ಆರಿಸಬೇಕು ಎಂಬ ವಿಷಯದಲ್ಲಿ ಇಡೀ ಮಾನ್ವಿ ತಾಲೂಕಿನಲ್ಲಿ ನನ್ನಷ್ಟು ತಿಳಿದವರು ಯಾರೂ ಇಲ್ಲ ಎಂದು ನಾನು ಒಂದು ಕಾಲಕ್ಕೆ ಗಟ್ಟಿಯಾಗಿ ನಂಬಿದ್ದೆ.

ನನ್ನ ಹೆದರಿಕೆ ಹಳೆಯದು. ದೇವದುರ್ಗದಲ್ಲಿ ಮೂರನೇ ತರಗತಿಯಲ್ಲಿದ್ದಾಗ ಒಂದು ಕೆಂಪು ನಾಯಿ ಬೆನ್ನಟ್ಟಿ, ನಾನು ಬೇವಿನ ಮರ ಹತ್ತಿದವನು ಶಾಲೆ ಬಿಟ್ಟರೂ ಇಳಿದಿರಲಿಲ್ಲ. ಮುಂದೆ ಮಾನ್ವಿಯಲ್ಲಿ ಗುಮಾಸ್ತನಾಗಿ, ಮದುವೆಯಾಗಿ, ಮೀಸೆ ಬಿಟ್ಟ ಮೇಲೂ ನಾಯಿ ಕಂಡರೆ ನನ್ನ ಕಣ್ಣು ಮೊದಲು ಮರ ಹುಡುಕುತ್ತಿತ್ತು. ಎಂಬತ್ತನೆಯ ಇಸವಿಯ ಆಸುಪಾಸಿನಲ್ಲಿ ಪಕ್ಕದ ಮನೆಯ ಖಾಸಿಂಸಾಬರ ಅಂಗಳದಿಂದ ಕಳ್ಳರು ತಾಮ್ರದ ಹಂಡೆ ಹೊತ್ತುಕೊಂಡು ಹೋದರು. ನನ್ನ ಹೆಂಡತಿ ಶರಣಮ್ಮ ಹಠ ಹಿಡಿದಳು.

“ಒಂದು ನಾಯಿ ತರ್ರಿ. ಇಲ್ಲಂದ್ರ ಬಾಗಿಲಿಗೆ ನೀವೇ ಕುಂದರ್ರಿ!”

ಎರಡರಲ್ಲಿ ನಾಯಿಯೇ ವಾಸಿ ಅನ್ನಿಸಿತು.

ರಾಯಚೂರಿನಲ್ಲಿ ಒಬ್ಬ ಇಂಜಿನಿಯರರಿಗೆ ವರ್ಗವಾಗಿತ್ತು. ಅವರ ಮನೆಯಲ್ಲಿ ಕೊಡುವುದಕ್ಕೆ ಮೂರು ನಾಯಿಗಳಿದ್ದವು. ನಾನು ಗೇಟಿನ ಹೊರಗೇ ನಿಂತು ಅವುಗಳ ಬಾಯಿಗಳನ್ನು ಕೂಲಂಕಷವಾಗಿ ಪರಿಶೀಲಿಸಿದೆ. ಒಂದಕ್ಕೆ ಬಾಯಿ ಮೊಳದುದ್ದ. ರದ್ದು! ಇನ್ನೊಂದು ನನ್ನನ್ನು ನೋಡಿದ ಕೂಡಲೇ ಹಲ್ಲು ತೋರಿಸಿತು. ಅದೂ ರದ್ದು! ಮೂರನೆಯದು ಪೆಕಿನೀಸ್ ಎಂಬ ಚೀನಾದ ಜಾತಿ. ಬೆಕ್ಕಿನಷ್ಟು ಗಾತ್ರ, ನೆಲ ಗುಡಿಸುವ ಕೂದಲು, ಈಗಲೋ ಆಗಲೋ ಉದುರುವಂಥ ಕಣ್ಣು. ಎಲ್ಲಕ್ಕಿಂತ ಮುಖ್ಯವಾಗಿ, ಮೂತಿಯೇ ಇಲ್ಲ! ಮುಖ ತಟ್ಟಿದ ರೊಟ್ಟಿಯಂತೆ ಚಪ್ಪಟೆ. ಕಚ್ಚಲು ಹೋದರೆ ಮೂಗೇ ಅಡ್ಡ ಬರುತ್ತದೆ ಎಂದು ತೀರ್ಮಾನಿಸಿ ಅದನ್ನೇ ಮಂಜೂರು ಮಾಡಿದೆ. ಹೆಸರು ಪಿಂಕಿ.

“ಇದಕ್ಕೆ ಸೆಕೆ ತಡೆಯೋದಿಲ್ಲ, ಜೋಪಾನ,” ಎಂದು ಮನೆಯೊಡತಿ ಹೇಳಿದ್ದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಆಗ ಏಪ್ರಿಲ್ ತಿಂಗಳು!

ಮಾನ್ವಿಯಲ್ಲಿ ಓಣಿಗೆ ಓಣಿಯೇ ನೋಡಲು ಬಂತು. “ಎಷ್ಟು ಚಂದ ಅದ ಯವ್ವಾ!” ಎಂದು ಹೆಂಗಸರು ಮುಗಿಬಿದ್ದರು. ಅವರು ಹೋದ ಮೇಲೆ ಪಿಂಕಿ ಅನ್ನ ಮುಟ್ಟಲಿಲ್ಲ.

“ದೃಷ್ಟಿ ಆಗ್ಯಾದ,” ಎಂದು ಶರಣಮ್ಮ ತೀರ್ಪು ಕೊಟ್ಟಳು. “ಗಟ್ಟಿ ಹಿಡಕೋರಿ, ತೆಗೀತೀನಿ.”

ನಾನು ಕಣ್ಣು ಮುಚ್ಚಿ, ಎರಡೂ ಕೈ ದೂರಕ್ಕೆ ಚಾಚಿ ಪಿಂಕಿಯನ್ನು ಹಿಡಿದುಕೊಂಡೆ. ಅವಳು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ, ಇಕ್ಕಳದಲ್ಲಿ ಒಲೆಯ ಕೆಂಡ ತಂದು, ಎಲ್ಲವನ್ನೂ ನಮ್ಮ ಮುಂದೆಯೇ ಸುಟ್ಟಳು. ಘಾಟೆದ್ದಿತು! ನಾನು ಕೆಮ್ಮಿದೆ, ಅವಳು ಸೀನಿದಳು, ಪಿಂಕಿ ಎರಡನ್ನೂ ಮಾಡಿತು. ಆ ಗದ್ದಲದಲ್ಲಿ ನನ್ನ ಹೆಬ್ಬೆರಳು ಚುರಕ್ ಎಂದಿತು. ನೋಡಿದರೆ ರಕ್ತ!

“ಕಚ್ಚಿತಲ್ಲೇ!” ಎಂದು ಕೂಗುತ್ತ ಡಾಕ್ಟರರ ಬಳಿ ಓಡಿದೆ.

ಅವರು ಗಾಯ ತೊಳೆಸಿ ಹೇಳಿದರು: “ಹತ್ತು ದಿನ ನಾಯಿ ಮ್ಯಾಲ ಕಣ್ಣಿಡ್ರಿ. ಅದು ಆರಾಮ ಇದ್ರ ನೀವೂ ಆರಾಮ. ಅದು ಸತ್ರ, ಇಲ್ಲಾ ಎಲ್ಲೆರ ಕಳದುಹೋದ್ರ, ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್.”

ಸೂಜಿ ಎಷ್ಟು ಉದ್ದವೆಂದು ಬೆರಳು ಚಾಚಿ ತೋರಿಸಿದರು. ತೋರಿಸಿ ಎಂದು ನಾನು ಕೇಳಿಯೇ ಇರಲಿಲ್ಲ!

ಅಂದಿನಿಂದ ಪಿಂಕಿಯ ಪ್ರಾಣವೇ ನನ್ನ ಪ್ರಾಣವಾಯಿತು. ‘ಕುಟುಂಬದ ಸದಸ್ಯರೊಬ್ಬರ ಅನಾರೋಗ್ಯ ನಿಮಿತ್ತ’ ಎಂದು ರಜೆ ಬರೆದೆ. ಬಾವಿಯಿಂದ ಕೊಡಗಟ್ಟಲೆ ನೀರು ಹೊತ್ತು ನೆಲ ತೋಯಿಸಿದೆ. ಕಿಟಕಿಗೆ ಹಸಿ ಗೋಣಿತಟ್ಟು ಕಟ್ಟಿದೆ. ಮಂಚದ ಕೆಳಗೆ ಪಿಂಕಿ, ಅದರಿಂದ ಒಂದು ಮಾರು ದೂರದಲ್ಲಿ ಬೀಸಣಿಕೆ ಹಿಡಿದ ನಾನು. ಚಪ್ಪಟೆ ಮೂಗಿನ ಆ ಪ್ರಾಣಿ ಗೊರಕೆ ಹೊಡೆಯುತ್ತಿತ್ತು. ಗೊರಕೆ ನಿಂತರೆ ನನ್ನ ಕೈ ತಾನಾಗಿ ಹೊಕ್ಕಳಿಗೆ ಹೋಗುತ್ತಿತ್ತು.

“ನನಗ ಟೈಫಾಯಿಡ್ ಬಂದಾಗ ಒಂದು ದಿನರ ಹಿಂಗ ಗಾಳಿ ಬೀಸಿದ್ರೇನ್ರಿ?” ಎಂದಳು ಶರಣಮ್ಮ. ನಾನು ಬೀಸುತ್ತಲೇ ಇದ್ದೆ.

ಸೋಡಾ ಅಂಗಡಿಯ ಖಾಸಿಂಸಾಬರು ದಿನವೂ ಒಂದು ತುಂಡು ಐಸು ತಂದುಕೊಟ್ಟು, ಬಾಗಿಲಲ್ಲಿ ನಿಂತು ನಗುತ್ತಿದ್ದರು. “ಕ್ಯಾ ಸಾಬ್, ನೀವು ನಾಯಿ ಸಾಕೀರೋ, ನಾಯಿ ನಿಮ್ಮನ್ನ ಸಾಕ್ಯಾದೋ?”

ಹೀಗೆ ಒಂಬತ್ತು ದಿನ ದಾಟಿದವು. ಹತ್ತನೆಯ ದಿನ ಬೆಳಿಗ್ಗೆ ಮಂಚದ ಕೆಳಗೆ ಬಗ್ಗಿ ನೋಡಿದೆ. ಪಿಂಕಿ ಇಲ್ಲ!

ಬನಿಯನ್ನಿನಲ್ಲೇ ಬೀದಿಗೆ ಹಾರಿದೆ. “ನನ್ನ ನಾಯಿ ನೋಡೀರೇನ್ರಿ? ಉಸಿರಾಡಾಕತ್ತಿತ್ತೇನ್ರಿ?” ಎಂದು ಸಿಕ್ಕಸಿಕ್ಕವರನ್ನು ಕೇಳುತ್ತ ಬಸ್‌ಸ್ಟ್ಯಾಂಡಿನವರೆಗೆ ಓಡಿದೆ. ಕೊನೆಗೆ ಐಸಿನ ನೆನಪಾಗಿ ಸೋಡಾ ಅಂಗಡಿಗೆ ಬಂದರೆ, ಐಸಿನ ಪೆಟ್ಟಿಗೆಯ ಕೆಳಗೆ, ನೀರು ತೊಟ್ಟಿಕ್ಕುವ ಗೋಣಿಯ ಮೇಲೆ ಪಿಂಕಿ ಸುಖವಾಗಿ ಗೊರಕೆ ಹೊಡೆಯುತ್ತಿದೆ. ಅದರೆದುರು ಮೂರು ಬೀದಿನಾಯಿಗಳು ಗುರುಗುಟ್ಟುತ್ತ ನಿಂತಿವೆ!

ನನ್ನ ಕಣ್ಣು ಮರ ಹುಡುಕಿತು. ಇದ್ದದ್ದು ಒಂದು ಲೈಟಿನ ಕಂಬ. ಆದರೆ ಆ ಉದ್ದನೆಯ ಸೂಜಿ ನೆನಪಾದದ್ದೇ ತಡ, ಜೀವನದಲ್ಲಿ ಮೊದಲ ಬಾರಿಗೆ ನಾಯಿಗಳ ಕಡೆಗೆ ಓಡಿದೆ. ಪಿಂಕಿಯನ್ನು ಬಾಚಿ ಎದೆಗವಚಿಕೊಂಡೆ. ಗೆದ್ದೆ!

ಅಷ್ಟರಲ್ಲಿ ಮೀನಖಂಡಕ್ಕೆ ಯಾರೋ ಬಾಯಿ ಹಾಕಿದರು. ತಿರುಗಿ ನೋಡಿದರೆ ಒಂದು ಕೆಂಪು ನಾಯಿ! ಕಚ್ಚಿದ್ದೇ ಸಿರವಾರದ ರಸ್ತೆ ಹಿಡಿದು ಓಡಿತು. ಖಾಸಿಂಸಾಬರು ಸೈಕಲ್ ಹತ್ತಿ ಬೆನ್ನಟ್ಟಿದರು. ಸಿಗಲಿಲ್ಲ.

ಕುಂಟುತ್ತ ಮನೆಗೆ ಬಂದೆ. ಶರಣಮ್ಮ ನನ್ನ ಕಾಲು ತೊಳೆಯುತ್ತ ಅಳತೊಡಗಿದಳು.

“ಒಂದು ಮಾತು ಹೇಳ್ತೀನಿ, ಬೈಬ್ಯಾಡ್ರಿ. ಅವತ್ತು ಪಿಂಕಿ ಕಚ್ಚಿರಲಿಲ್ಲ. ಹೊಗಿಯಾಗ ನನ್ನ ಇಕ್ಕಳದ ತುದಿ ನಿಮ್ಮ ಬೆರಳಿಗೆ ಗೀರಿತ್ತು.”

“ಮತ್ತ ಹತ್ತು ದಿನ ಯಾಕ ಬಾಯಿ ಬಿಡಲಿಲ್ಲ?”

“ಮದಿವಿ ಆಗಿ ಎಂಟು ವರ್ಷಕ್ಕ ಮೊದಲನೇ ಸಲ ಮನಿಗೆ ನೀರು ಹೊತ್ರಿ. ಹೇಳಾಕ ಮನಸ್ಸು ಬರಲಿಲ್ಲ.”

ಕೆಂಪು ನಾಯಿ ವಿಳಾಸ ಕೊಟ್ಟು ಹೋಗಿರಲಿಲ್ಲವಾದ್ದರಿಂದ ಅದರ ಮೇಲೆ ಕಣ್ಣಿಡುವ ಪ್ರಶ್ನೆಯೇ ಬರಲಿಲ್ಲ. ಹದಿನಾಲ್ಕು ದಿನ ರಾಯಚೂರಿನ ಬಸ್ಸು ಹತ್ತಿದೆ, ಹದಿನಾಲ್ಕೂ ಚುಚ್ಚಿಸಿಕೊಂಡೆ. ಮೊದಲನೆಯ ದಿನ ಹೊಟ್ಟೆ ಹಿಡಿದುಕೊಂಡು ಬಂದು ಮಂಚದ ಮೇಲೆ ಬಿದ್ದಾಗ, ಶರಣಮ್ಮ ಬೀಸಣಿಕೆ ತಂದು ಕುಳಿತಳು. ಕಷ್ಟಕಾಲಕ್ಕೆ ಹೆಂಡತಿಯೇ ಎಂದು ಕಣ್ಣು ಮುಚ್ಚಿದೆ. ಬೀಸುವ ಸದ್ದು ಬಂತು, ಗಾಳಿ ಬರಲಿಲ್ಲ. ಬಗ್ಗಿ ನೋಡಿದರೆ ಅವಳು ಮಂಚದ ಕೆಳಗೆ ಬೀಸುತ್ತಿದ್ದಳು!

“ಪಾಪ, ಸುಮ್ನ ಅದರ ಮ್ಯಾಲ ಅಪವಾದ ಹೊರಿಸಿದ್ವಿ,” ಎಂದಳು.

ನಾನು ಮೆಲ್ಲಗೆ ಮಂಚದಿಂದ ಇಳಿದು, ಪಿಂಕಿಯ ಪಕ್ಕದಲ್ಲಿ ಸಿಕ್ಕಷ್ಟು ಗಾಳಿಗೆ ಮುಖವೊಡ್ಡಿ ಮಲಗಿದೆ.