ಹೊಟ್ಟೆಯೊಳಗಿನ ಪೈಪ್‌ಲೈನು

ಎಂಟನೇ ತಿಂಗಳ ತಪಾಸಣೆಯಲ್ಲಿ ಡಾಕ್ಟರಮ್ಮ ಹೊಟ್ಟೆಗೆ ಟೇಪು ಹಿಡಿದು, "ಮಗು ಸ್ವಲ್ಪ ಚಿಕ್ಕದಾಗಿ ಕಾಣ್ತಿದೆ. ಮಾಸಿಗೆ ರಕ್ತ ಸರಿಯಾಗಿ ಹೋಗ್ತಿದೆಯಾ ಅಂತ ಡಾಪ್ಲರ್ ಸ್ಕ್ಯಾನ್ ಮಾಡಿ ನೋಡೋಣ, ಮಧ್ಯಾಹ್ನ ಬನ್ನಿ" ಎಂದದ್ದೇ ತಡ, ಬಸುರಿ ಹೆಂಡತಿಯ ಜೊತೆ ಬಂದಿದ್ದ ಪ್ಲಂಬರನ ಎದೆಯೊಳಗೆ ಯಾವುದೋ ನಲ್ಲಿ ಕಿತ್ತುಬಂದಂತಾಯಿತು.

ಮನೆ ಸೇರುವಷ್ಟರಲ್ಲಿ ಮೇಲ್ಮನೆಯ ನಿವೃತ್ತ ಕಾಂಪೌಂಡರ್ ಮೆಟ್ಟಿಲಿಳಿದು ಹಾಜರಾದರು.

"ಮಾಸು ಅಂದ್ರೆ ಗೊತ್ತೇನಯ್ಯಾ? ಮಗುವಿಗೆ ಊಟ, ಉಸಿರು ಎಲ್ಲಾ ಅಲ್ಲಿಂದಾನೇ."

"ಅಂದ್ರೆ ಓವರ್‌ಹೆಡ್ ಟ್ಯಾಂಕು?"

"ಹಾಗೇ ಅಂದ್ಕೋ. ಲೈನು ಕಟ್ಕೊಂಡ್ರೆ ಕಷ್ಟ. ನಡಿ, ನಾನೂ ಬರ್ತೀನಿ."

"ಒಳಗೆ ಚೆನ್ನಾಗೇ ಒದೀತಿದೆ, ನಂಗೇನೂ ಆಗಿಲ್ಲ" ಎಂದ ಹೆಂಡತಿಯ ಮಾತು ಯಾರ ಕಿವಿಗೂ ಬೀಳಲಿಲ್ಲ. ಗಾಜಿನ ಸಾಮಾನಿನಂತೆ ಅವಳನ್ನು ಹಿಡಿದು ಬಾಡಿಗೆ ಕಾರು ಹತ್ತಿಸಿದರು. ಪ್ರತಿ ಗುಂಡಿಗೂ ಪ್ಲಂಬರ್ "ಮೆಲ್ಲಗೆ!" ಎಂದು ಅರಚಿದ. ಮೂರನೇ ಅರಚಾಟಕ್ಕೆ ಡ್ರೈವರ್ ಬೆಚ್ಚಿ ಬ್ರೇಕು ಒತ್ತಿ, ಕಾಂಪೌಂಡರರ ಮೂಗು ಮುಂದಿನ ಸೀಟಿಗೆ ಬಡಿದು ಟೊಮೆಟೊ ಆಯಿತು.

ಸ್ಕ್ಯಾನಿಂಗ್ ಕೋಣೆ ಮಬ್ಬುಗತ್ತಲು. ಪರದೆಯ ಮೇಲೆ ಕೆಂಪು, ನೀಲಿ ಬಣ್ಣಗಳು ಮಿಣುಗಿದವು.

"ಬಿಸಿನೀರು, ತಣ್ಣೀರಾ ಮೇಡಂ?"

"ರಕ್ತ ಹರಿಯೋ ದಿಕ್ಕು ಕಣ್ರೀ. ನಮ್ಮ ಕಡೆ ಬರೋದು ಕೆಂಪು, ಆಚೆ ಹೋಗೋದು ನೀಲಿ."

ಡಾಕ್ಟರಮ್ಮ ಇನ್ನೊಂದು ಗುಂಡಿ ಒತ್ತಿದರು. ಯಂತ್ರದಿಂದ 'ಶೂಂ, ಶೂಂ' ಎಂದು ಸದ್ದು ಹೊರಟಿತು. ಪ್ಲಂಬರ್ ಕೂತಲ್ಲಿಂದ ಎಗರಿದ.

"ಸೋರ್ತಿದೆ! ವಾಷರ್ ಹೋಗಿದೆ ಮೇಡಂ!"

"ರೀ, ಸುಮ್ನಿರ್ರೀ!" ಹೆಂಡತಿ ಗದರಿದಳು.

"ಅದು ಹೊಕ್ಕುಳಬಳ್ಳಿಯಲ್ಲಿ ರಕ್ತ ಓಡ್ತಿರೋ ಸದ್ದು" ಎಂದರು ಡಾಕ್ಟರಮ್ಮ. "ಮಾಸಿಗೂ ಮಗುವಿಗೂ ಹರಿವು ಚೆನ್ನಾಗಿದೆ. ಎಲ್ಲೂ ಅಡ್ಡಿಯಿಲ್ಲ."

ಪ್ಲಂಬರನ ಕಣ್ಣು ತುಂಬಿ ಬಂತು. ಹೆಂಡತಿಯ ಕೈ ಹಿಡಿದು, ಆ ಸದ್ದನ್ನು ಇನ್ನೊಮ್ಮೆ ಕೇಳಿಸುವಂತೆ ಬೇಡಿಕೊಂಡ. ಕೇಳುತ್ತಾ ಕೂತವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಅಷ್ಟರಲ್ಲಿ ಡಾಕ್ಟರಮ್ಮ ಮಗುವಿನ ತಲೆ, ತೊಡೆಮೂಳೆ ಅಳೆದು, ಫೈಲಿನ ತಳದಿಂದ ಮೊದಲ ಸ್ಕ್ಯಾನಿನ ಕಾಗದ ಎಳೆದು ತಾಳೆ ನೋಡಿದರು. ಹುಬ್ಬು ಗಂಟಿಕ್ಕಿತು. ಆಮೇಲೆ ನಗು ಬಂತು.

"ಮಗು ಚಿಕ್ಕದಲ್ಲ, ಲೆಕ್ಕ ತಪ್ಪು! ಇದು ಏಳನೇ ತಿಂಗಳು. ಏಳಕ್ಕೆ ಸರಿಯಾಗೇ ಬೆಳೆದಿದೆ. ಕೊನೇ ಮುಟ್ಟಿನ ತಾರೀಖು ಒಂದು ತಿಂಗಳು ಹಿಂದಕ್ಕೆ ಬರೆದೋರು ಯಾರು?"

"ಮೊದಲ ಸಲ ಬಂದಾಗ ನಂಗೆ ವಾಂತಿ" ಎಂದಳು ಹೆಂಡತಿ. "ಫಾರಂ ತುಂಬಿದ್ದು ಇವ್ರೇ."

ಪ್ಲಂಬರ್ ನೆಲದ ಟೈಲ್ಸು ನೋಡತೊಡಗಿದ. ಬಾಗಿಲ ಸಂದಿಯಿಂದ ಕಾಂಪೌಂಡರರ ಸಮಾಧಾನದ ದನಿ ಬಂತು:

"ಒಳ್ಳೇದೇ ಆಯ್ತು ಬಿಡಯ್ಯಾ! ಇನ್ನೂ ಒಂದು ತಿಂಗಳು ಹೆಚ್ಚಿಗೆ ಸಿಕ್ತು. ದಿನಾ ಬೆಳಿಗ್ಗೆ ಬಂದು ನೋಡ್ಕೋತೀನಿ."

ಹೆಂಡತಿ ನಕ್ಕ ರಭಸಕ್ಕೆ ಪರದೆಯ ಮೇಲಿನ ಚಿತ್ರವೆಲ್ಲ ಕುಣಿಯತೊಡಗಿತು.