ಬೇತ್ಲೆಹೇಮಿನ ಬಸ್ಸು ಹೊರಡಲಿಲ್ಲ

ತನ್ನ ದನಿ ಚೆನ್ನಾಗಿದೆ ಎಂದು ನಂಬಿಬಿಟ್ಟ ಗಂಡಸನ್ನು ದೇವರೂ ಉಳಿಸಲಾರ. ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ತೊಂಬತ್ತರ ದಶಕದಲ್ಲಿ ಹುಮನಾಬಾದ್ ಬಸ್ ನಿಲ್ದಾಣದ ಮೈಕಿನಲ್ಲಿ ‘ಬಸವಕಲ್ಯಾಣ, ಬಸವಕಲ್ಯಾಣ’ ಎಂದು ದಿನವಿಡೀ ಕೂಗುತ್ತಿದ್ದವನು ನಾನೇ. ಕೂಗಿ ಬಾಯಿ ಮುಚ್ಚುವಷ್ಟರಲ್ಲಿ ಯಾರಾದರೂ ಕಿಟಕಿಗೆ ಬಂದು, “ಸಾಹೇಬ್ರ, ಕಲ್ಯಾಣದ ಗಾಡಿ ಯಾವಾಗರಿ?” ಎನ್ನುತ್ತಿದ್ದರು. ಆದರೂ ನನ್ನ ನಂಬಿಕೆ ಅಲುಗಲಿಲ್ಲ. ಒಂದಲ್ಲ ಒಂದು ದಿನ ಈ ಊರು ನನ್ನ ದನಿಯನ್ನು ಕೇಳಲೇಬೇಕು ಎಂಬ ಹಟವೂ ಬಿಡಲಿಲ್ಲ.

ಆ ಹಟಕ್ಕೆ ಎಣ್ಣೆ ಸುರಿದವರು ಸ್ಯಾಮುಯೆಲ್ ಮಾಸ್ತರರು. ಬೆಂಗಳೂರಿನಿಂದ ವರ್ಗವಾಗಿ ಬಂದವರು, ಅಲ್ಲಿನ ಆಂಗ್ಲಿಕನ್ ಪದ್ಧತಿಯ ಚರ್ಚಿನಲ್ಲಿ ಹಾಡಿ ಪಳಗಿದವರು. ಬಿಷಪ್ಪರ ಎದುರು ಹಾಡಿದ್ದನ್ನು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ನಮ್ಮ ಚರ್ಚಿನ ಡೋಲಕ್ಕು, ಚಪ್ಪಾಳೆ ಕಂಡು ಮೂಗು ಮುರಿದು, ಈ ಕ್ರಿಸ್‌ಮಸ್ಸಿಗೆ ‘ಆ್ಯಂಥಮ್’ ಹಾಡಿಸುತ್ತೇನೆ ಎಂದರು. ಅಂದರೆ ಆರಿಸಿದ ಹಾಡುಗಾರರು ನಾಲ್ಕು ದನಿಗಳಲ್ಲಿ ಹಾಡಬೇಕು, ಸಭೆ ತೆಪ್ಪಗೆ ಕುಳಿತು ಕೇಳಬೇಕು. “ಬೇತ್ಲೆಹೇಮಿಗೆ ಹೋಗೋಣ ಬನ್ನಿ” ಎಂಬ ಮೊದಲ ಸಾಲನ್ನು ಮಾತ್ರ ಒಬ್ಬನೇ ಹಾಡಬೇಕು. ಆ ಒಬ್ಬ ನಾನು! ತಿಂಗಳಿಡೀ ಬಚ್ಚಲುಮನೆಯಲ್ಲಿ ಅದನ್ನೇ ಹಾಡಿದೆ. ಹೆಂಗಸರ ಭಜನೆಗೆ ಮುಂದಾಳಾಗಿದ್ದ ನನ್ನ ಹೆಂಡತಿ ಸುಗುಣಾ, “ನಾವೂ ಕೂಡ್ತೀವಲ್ರಿ” ಎಂದಳು. “ಇದು ತಿಳಿದವರ ಹಾಡು. ನೀವು ಡೋಲಕ್ ಮನ್ಯಾಗಿಟ್ಟು ಬಂದು ಸುಮ್ನ ಕೂಡ್ರಿ” ಎಂದೆ.

ಕ್ರಿಸ್‌ಮಸ್ ಬೆಳಗ್ಗೆ ಚಿಟಗುಪ್ಪ ಕಡೆಯವರೂ ಬಂದು ಚರ್ಚು ತುಂಬಿತ್ತು. ಮಾಸ್ತರರು ಕೈ ಎತ್ತಿದರು. ನಾನು ಕಣ್ಣು ಮುಚ್ಚಿ ಹಾಡಿದೆ. ಇನ್ನು ನಾಲ್ಕು ದನಿ ಕೂಡಬೇಕು. ಅಷ್ಟರಲ್ಲಿ ಹೆಂಗಸರ ಕಡೆಯಿಂದ ನಾನು ಹಾಡಿದ ಸಾಲೇ ತಿರುಗಿ ಬಂತು. ಹಿಂದೆಯೇ ಇಡೀ ಚರ್ಚು ಅದನ್ನು ಎತ್ತಿಕೊಂಡಿತು. ನಮ್ಮ ಭಜನೆಯ ರೂಢಿಯೇ ಹಾಗೆ: ಒಬ್ಬ ಸಾಲು ಹೇಳಿದರೆ ಉಳಿದವರು ತಿರುಗಿ ಹೇಳಬೇಕು, ಸುಮ್ಮನಿದ್ದರೆ ಹೇಳಿದವನಿಗೆ ಅವಮಾನ. ಮಾಸ್ತರರ ಕೈ ಗಾಳಿಯಲ್ಲೇ ನಿಂತಿತು. ಇಂಥ ಹೊತ್ತಿನಲ್ಲಿ ಬುದ್ಧಿ ಇದ್ದವನು ಬಾಯಿ ಮುಚ್ಚುತ್ತಾನೆ. ನಾನು ಇನ್ನೂ ಏರುದನಿಯಲ್ಲಿ ಅದೇ ಸಾಲು ಹಾಡಿದೆ. ಈ ಸಲ ಚಪ್ಪಾಳೆಯೂ ಕೂಡಿತು. ಮೂರನೆಯ ಸಲಕ್ಕೆ ಯಾರದೋ ಶಾಲಿನ ಕೆಳಗಿಂದ ಡೋಲಕ್ಕು ಹೊರಬಂತು. ಮಾಸ್ತರರು ಪುಸ್ತಕ ಮಡಚಿದರು. ಆ್ಯಂಥಮ್ ಮೊದಲ ಸಾಲಿನಲ್ಲೇ ಮುಗಿಯಿತು.

ಮನೆಗೆ ಬಂದು ರೇಗಿದೆ: “ಸುಮ್ನ ಕೂಡ್ರಿ ಅಂತ ಹೇಳಿರಲಿಲ್ಲೇನು?”

“ನೀವ್ ಒಬ್ಬರ ಒದರಾಕತ್ತಿದ್ರಿ. ಯಾರೂ ತಿರುಗಿ ಅನ್ಲಿಲ್ಲಂದ್ರ ನಿಮ್ಮ ಮರ್ಯಾದಿ ಉಳಿತಿತ್ತೇನ್ರಿ?” ಎಂದಳು ಸುಗುಣಾ. “ಅದಿರಲಿ, ಎರಡನೇ ಸಲ ಹಾಡ್ರಿ ಅಂತ ನಿಮಗ ಯಾರು ಹೇಳಿದ್ರು?”

ಉತ್ತರ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು. ವರ್ಷಗಟ್ಟಲೆ ಮೈಕಿನಲ್ಲಿ ಕೂಗಿದರೂ ಕಿವಿಗೊಡದ ಊರು ಅಂದು ನನ್ನ ಮಾತನ್ನು ತಿರುಗಿ ಹೇಳಿತ್ತು. ಮಾಸ್ತರರು ಅಂಗಿ ಹಿಡಿದು ಜಗ್ಗಿ ಕೂರಿಸದಿದ್ದರೆ ನಾನು ನಾಲ್ಕನೆಯ ಸಲವೂ ಹಾಡುತ್ತಿದ್ದೆ.