ಐವತ್ತೆರಡು ಡಿಗ್ರಿಗೆ ವಿರಮಿಸುವ ಸೌನಾ ಒಲೆಯವರಿಗೆ

ಮಾನ್ಯ ಒಲೆಯವರೇ,

ಲಾಹ್ತಿ ಪಟ್ಟಣದಲ್ಲಿ ನನ್ನ ಮಾವ ಅರ್ಮಾಸ್ ಅವರ ಫ್ಲಾಟಿನ ಬಚ್ಚಲಿಗೆ ಅಂಟಿಕೊಂಡ, ಮೂರು ಜನ ಮೊಣಕೈ ತಗುಲಿಸಿಕೊಂಡು ಕೂರಬಹುದಾದ ಪುಟ್ಟ ಸೌನಾದ, ಅಂದರೆ ಬೆವರುಸ್ನಾನದ ಕೋಣೆಯ, ಮೂಲೆಯಲ್ಲಿ, ಇಪ್ಪತ್ತು ಕಿಲೋ ಕಲ್ಲನ್ನು ತಲೆಯ ಮೇಲೆ ಹೊತ್ತು ಥಳಥಳಿಸುತ್ತಿರುವ ತಮಗೆ ಅವರ ಸೊಸೆಯಾದ ನನ್ನ ಸಾದರ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಮೆಕ್ಯಾನಿಕ್ ಬರೆದ ನಾಲ್ಕು ವರದಿಗಳಲ್ಲೂ ತಾವು ಕ್ಷೇಮವೆಂದೇ ಇದೆ.

ನವೆಂಬರಿನಲ್ಲಿ ತಾವು ಬಂದ ದಿನ ಮಾವ ಹಳೆಯ ಒಲೆಯನ್ನು ಬಾಗಿಲವರೆಗೆ ಹೋಗಿ ಬೀಳ್ಕೊಟ್ಟರು. ಇಪ್ಪತ್ತೆಂಟು ವರ್ಷ ದುಡಿದ ಆ ಒಲೆಗೆ ತಮ್ಮಂತೆ ನೀಲಿ ದೀಪವಿರಲಿಲ್ಲ, ಫೋನಿನಿಂದ ಅಪ್ಪಣೆ ಪಡೆಯುವ ವಿದ್ಯೆಯಿರಲಿಲ್ಲ, ಎರಡು ವರ್ಷದ ವಾರಂಟಿಯ ಹೊಳಪು ಕಾಗದವೂ ಇರಲಿಲ್ಲ. ಕಾಯುವುದೊಂದನ್ನು ಬಿಟ್ಟರೆ ಅದಕ್ಕೆ ಬೇರೇನೂ ಗೊತ್ತಿರಲಿಲ್ಲ. ತಾವಾದರೋ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಬಲ್ಲಿರಿ.

ತಮಗೆ ತಿಳಿದಿರಲಿಕ್ಕಿಲ್ಲ, ಆದ್ದರಿಂದ ವಿನಯದಿಂದ ತಿಳಿಸುತ್ತೇನೆ: ಎಂಬತ್ತಾರು ವರ್ಷದ ನನ್ನ ಮಾವ ಮಾತಾಡುವುದು ವಾರಕ್ಕೊಮ್ಮೆ, ಶನಿವಾರ ಸಂಜೆ, ಸೌನಾದ ಮೇಲಿನ ಹಲಗೆಯಲ್ಲಿ, ಎಪ್ಪತ್ತು ಡಿಗ್ರಿ ದಾಟಿದ ಮೇಲೆ. ಉಳಿದ ಹೊತ್ತಿನಲ್ಲಿ "ಹೂಂ" ಎನ್ನುತ್ತಾರೆ. ಸೊಂಟದ ಕೀಲಿನ ಆಪರೇಷನ್ ಆದಮೇಲೆ ಅವರು ಯಾರೂ ಕೇಳದೆಯೇ ಒಂದು ಕಥೆ ಶುರುಮಾಡಿದರು. ಯುದ್ಧದ ಕೊನೆಯ ವರ್ಷ, ಶತ್ರುಗಳ ಪಾಲಾದ ಕರೇಲಿಯ ಪ್ರಾಂತ್ಯದ ಮನೆ ಬಿಟ್ಟು ಹೊರಟ ದಿನ. ಅವರಿಗೆ ಐದು ವರ್ಷ. ಅಮ್ಮನ ಒಂದು ಕೈಯಲ್ಲಿ ಹಸುವಿನ ಹಗ್ಗ, ಇನ್ನೊಂದರಲ್ಲಿ ತಂಗಿ. ಮಗನ ಕೈಗೆ ರೈ ಧಾನ್ಯದ ರೊಟ್ಟಿಯ ಹಿಟ್ಟು ನಾದುವ ಪುಟ್ಟ ಮರಿಗೆ. ಅದನ್ನು ತೊಳೆಯುವ ಪದ್ಧತಿ ಇರಲಿಲ್ಲ. ಅದರ ಒಳಮೈಯಲ್ಲಿ ಒಣಗಿ ಕೂತ ಹುಳಿಯೇ ಮುಂದಿನ ರೊಟ್ಟಿಯ ಬೀಜ, ಅಜ್ಜಿಯ ಅಜ್ಜಿಯಿಂದ ಬಂದದ್ದು. "ಇದನ್ನ ಮಾತ್ರ ಬಿಡ್ಬೇಡ ಮಗಾ," ಎಂದಿದ್ದರಂತೆ ಅಮ್ಮ. ನನ್ನ ಗಂಡ ಯಾರ್ಮೊಗೆ ಐವತ್ತಮೂರು ವರ್ಷ; ಈ ಮರಿಗೆಯ ವಿಷಯ ಅವನು ಕೇಳಿದ್ದು ಅದೇ ಮೊದಲು.

ಅವರನ್ನೂ ಹಸುವನ್ನೂ ಹತ್ತಿಸಿಕೊಂಡ ರೈಲು ಎರಡನೆಯ ನಿಲ್ದಾಣದಲ್ಲಿ ನಿಂತಿತು. "ನನ್ನ ಕೈ ನೋಡ್ಕೋತೀನಿ, ಖಾಲಿ," ಎಂದರು ಮಾವ. "ಅಮ್ಮ ನನ್ನ ಕಡೆ ತಿರುಗಿದ್ರು..."

ಟಕ್ ಎಂದಿರಿ ತಾವು. ನೀಲಿ ದೀಪ ಆರಿತು. ಗೋಡೆಯ ಮೇಲಿನ ಮಾಪಕದಲ್ಲಿ ಕಾವು ಇಳಿಯುತ್ತ ಐವತ್ತೆರಡಕ್ಕೆ ಬಂದು ನಿಂತಿತು. ಕಲ್ಲಿನ ಮೇಲೆ ಸುರಿದ ನೀರು ಚುಯ್ ಎನ್ನದೆ ಸುಮ್ಮನೆ ಹರಿದುಹೋಯಿತು. "ಇವತ್ತಿಗೆ ಸಾಕು," ಎಂದು ಮಾವ ಎದ್ದರು.

ಮುಂದಿನ ಶನಿವಾರ ಮತ್ತೆ ಹಸುವಿನ ಹಗ್ಗದಿಂದಲೇ ಶುರು, ಏಕೆಂದರೆ ಮೊದಲಿನಿಂದ ಹೇಳದೆ ಮುಂದಕ್ಕೆ ಹೋಗುವುದು ಅವರಿಗೆ ಬರುವುದಿಲ್ಲ; ಮತ್ತೆ ಎರಡನೆಯ ನಿಲ್ದಾಣ, ಮತ್ತೆ ಖಾಲಿ ಕೈ, ಮತ್ತೆ ಟಕ್. ನಾನು ಪದ್ಯಗಳನ್ನು ಬಹಳ ಓದಿದವಳು, ಎಲ್ಲಿ ನಿಲ್ಲಿಸಿದರೆ ಎದೆ ಹಿಡಿಯುತ್ತದೆಂದು ಬಲ್ಲ ಕವಿಗಳನ್ನು ಗೌರವಿಸುವವಳು. ಆದರೂ ತಮ್ಮಷ್ಟು ಕರಾರುವಾಕ್ಕಾಗಿ ಸಾಲು ಮುರಿಯುವವರನ್ನು ಕಂಡಿರಲಿಲ್ಲ. ಊಟದ ಮೇಜಿನಲ್ಲಿ ಸಾಸೇಜಿಗೆ ಸಾಸಿವೆ ಹಚ್ಚುತ್ತ ಯಾರ್ಮೊ ಕೇಳಿಯೇಬಿಟ್ಟ: "ಅಪ್ಪಾ, ಆಮೇಲೆ ಅಜ್ಜಿ ಏನಂದ್ರು?" ಮಾವ ದೀಪದ ಕಡೆ ನೋಡಿ, "ಇಲ್ಲಿ ಬೆಳಕು ಜಾಸ್ತಿ," ಎಂದರು.

ಮೆಕ್ಯಾನಿಕ್ ಕೊಸೊನೆನ್ ಬಂದದ್ದು ಬುಧವಾರ. ಅವರ ಮುಂದೆ ತಾವು ಎಂಬತ್ತೆಂಟು ಡಿಗ್ರಿ ತೋರಿಸಿದಿರಿ. ಅವರು ಕೆನ್ನೆ ಕೆಂಪಗೆ ಮಾಡಿಕೊಂಡು ಹೊರಬಂದು, "ಇದಕ್ಕೇನಾಗಿದೆ? ನಮ್ಮನೇದಕ್ಕಿಂತ ಚೆನ್ನಾಗಿದೆ!" ಎಂದರು. ಹೀಗೆ ನಾಲ್ಕು ಬುಧವಾರ. ಒಂದು ಸಲ ಕಾವು ಅಳೆಯುವ ಬಿಲ್ಲೆ ಬದಲಾಯಿತು, ಒಂದು ಸಲ ತಂತಿ, ಎರಡು ಸಲ ಏನೂ ಇಲ್ಲ. ಕೊಸೊನೆನ್ ಅವರನ್ನು ಕಂಡಾಗ ತಮಗೆ ಉಕ್ಕುವ ಆ ಭಕ್ತಿಯನ್ನು ಶನಿವಾರಕ್ಕೂ ವಿಸ್ತರಿಸಬೇಕೆಂದು ಕೋರುವವಳಿದ್ದೆ. ಆಗದಿದ್ದರೆ ಅವರ ಭಾವಚಿತ್ರವನ್ನು ತಮ್ಮೆದುರು ತೂಗುಹಾಕಲು, ಅದೂ ಸಾಲದಿದ್ದರೆ ಅವರನ್ನೇ ದತ್ತು ತೆಗೆದುಕೊಳ್ಳಲು ನಮ್ಮ ಕುಟುಂಬ ಸಿದ್ಧವಿತ್ತು.

ಪ್ರತಿ ರಿಪೇರಿಯ ನಂತರ ಅಂಗಡಿಯಿಂದ ಮಾವನಿಗೆ ಫೋನ್ ಬರುತ್ತಿತ್ತು: ಈಗ ಒಲೆ ಹೇಗಿದೆ? ಮಾವ ಸ್ವಲ್ಪ ಯೋಚಿಸಿ, "ಚಳಿಯಂತೂ ಆಗಲ್ಲ," ಎನ್ನುತ್ತಿದ್ದರು. ಅವರ ಮನೆತನದಲ್ಲಿ ಇದು ಘೋರ ನಿಂದೆ ಎಂದು ಫೋನಿನ ಆ ಕಡೆಯ ಹುಡುಗಿಗೆ ಹೇಗೆ ತಿಳಿಯಬೇಕು? ಅವಳು "ಗ್ರಾಹಕರು ತೃಪ್ತರು" ಎಂದು ಗುರುತು ಹಾಕಿಕೊಂಡಳು. ನಾನು ಅಂಗಡಿಗೆ ಹೋದಾಗ ಮ್ಯಾನೇಜರ್ ವಿಲ್ಯಾನೆನ್ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಅದನ್ನೇ ತೋರಿಸಿದರು. "ನೋಡಿ ಮೇಡಂ, ನಾಲ್ಕು ಸಲಾನೂ ತೃಪ್ತರು. ಅಷ್ಟಕ್ಕೂ ನಾವು ಮಾರೋರು, ಮಾಡಿದೋರಲ್ಲ. ಕಂಪನಿಗೆ ಬರೀರಿ."

ನಾನು ಗ್ರಾಹಕ ಸಲಹಾ ಕೇಂದ್ರಕ್ಕೆ ಫೋನ್ ಮಾಡಿದೆ. ಅಲ್ಲಿನ ಹೆಂಗಸು ದೇವರಂಥವರು. "ಕಂಪನಿ ಗಿಂಪನಿ ಬಿಡಿ, ಮಾರಿದೋರೇ ಹೊಣೆ," ಎಂದರು. "ಮೊದಲ ವರ್ಷದಲ್ಲಿ ಕೆಟ್ರೆ ಅದು ಮೊದಲಿಂದಲೇ ಇದ್ದ ದೋಷ ಅಂತಾನೇ ತಗೋತಾರೆ, ಅಲ್ಲ ಅಂತ ತೋರಿಸ್ಬೇಕಾದ್ದು ಅಂಗಡಿಯೋರು. ರಿಪೇರಿ ಕೇಳಿ, ಇಲ್ಲ ಬೇರೆ ಒಲೆ ಕೇಳಿ. ಆಗ್ಲಿಲ್ವಾ, ಬೆಲೆ ಇಳಿಸಿ ಅನ್ನಿ, ಇಲ್ಲ ವ್ಯಾಪಾರಾನೇ ರದ್ದು ಮಾಡಿ ಅನ್ನಿ. ವಾರಂಟಿ ಮುಗಿದ ಮಾತ್ರಕ್ಕೆ ಅವರ ಹೊಣೆ ಮುಗಿಯಲ್ಲ. ಎಲ್ಲಾ ತಾರೀಖು ಹಾಕಿ ಬರೆದಿಡಿ. ಒಪ್ಪದಿದ್ರೆ ಗ್ರಾಹಕ ವ್ಯಾಜ್ಯ ಮಂಡಳಿ ಇದೆ, ಖರ್ಚಿಲ್ಲ, ತಾಳ್ಮೆ ಬೇಕು."

"ಎಷ್ಟು ತಾಳ್ಮೆ?" ಎಂದೆ.

"ನಿಮ್ಮ ಮಾವನಿಗೆ ವಯಸ್ಸೆಷ್ಟು?"

"ಎಂಬತ್ತಾರು."

"ಹಾಗಾದ್ರೆ ಅಂಗಡಿಯಲ್ಲೇ ಮುಗಿಸ್ಕೊಳ್ಳಿ. ಆದ್ರೆ ಒಲೆ ಕೆಟ್ಟಿದೆ ಅಂತ ಅವರ ಬಾಯಲ್ಲೇ ಬರ್ಲಿ, ಕೊಂಡೋರು ಅವರು."

ಆದ್ದರಿಂದ ನಾನು ಪದ್ಯ ಬರೆದುಕೊಳ್ಳುವ ನೋಟ್‌ಬುಕ್ಕಿನ ಬಲಪುಟಗಳನ್ನು ತಮಗೆ ಮೀಸಲಿಟ್ಟೆ. ಎಡಗಡೆ ಕವಿತೆ, ಬಲಗಡೆ ತಾರೀಖು, ಗಂಟೆ, ಕೆಟ್ಟ ನಿಮಿಷ. ಹನ್ನೊಂದು ಶನಿವಾರ ತುಂಬಿತು. ಮಾವನಿಗೆ ತೋರಿಸಿ, "ಒಲೆ ಕೆಟ್ಟಿದೆ ಅಂತ ಒಂದೇ ಒಂದು ಮಾತು ಹೇಳಿ ಮಾವ," ಎಂದು ಬೇಡಿಕೊಂಡೆ. ಅವರು ಕನ್ನಡಕ ಹಾಕಿಕೊಂಡು ಎಲ್ಲ ಓದಿ, "ಪಾಪ, ಹೊಸದಲ್ವೇನಮ್ಮಾ," ಎಂದರು.

ಹೋದ ಬುಧವಾರ ಕೊಸೊನೆನ್ ಐದನೆಯ ಸಲ ಬಂದು, ತಮ್ಮ ಮೆದುಳನ್ನೇ, ಅಂದರೆ ಕಾವು ನಿಯಂತ್ರಿಸುವ ಪೆಟ್ಟಿಗೆಯನ್ನೇ, ಬಿಚ್ಚಿ ಕಂಪನಿಗೆ ಕಳಿಸಿಕೊಟ್ಟರು. ಶನಿವಾರ ಆರು ಗಂಟೆಗೆ ನಾವು ಹೋದಾಗ ಮಾವ ಮನೆಯಲ್ಲಿ ಕಾಣಲಿಲ್ಲ. ಸೌನಾದಲ್ಲಿದ್ದರು. ದೀಪವಿಲ್ಲ, ಕಾವಿಲ್ಲ, ಉಣ್ಣೆಯ ಕಾಲುಚೀಲ, ಕೋಟು, ಮೇಲಿನ ಹಲಗೆ. ಇನ್ನೇನು ಮಾಡುವುದೆಂದು ನಾವೂ ಕೋಟು ಹಾಕಿಕೊಂಡೇ ಪಕ್ಕದಲ್ಲಿ ಕೂತೆವು. ಹಸುವಿನ ಹಗ್ಗದಿಂದ ಶುರುವಾಯಿತು. ಎರಡನೆಯ ನಿಲ್ದಾಣ ಬಂತು. ನಾನು ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದೆ. ಟಕ್ ಎನ್ನಲು ತಮಗೆ ಮೆದುಳಿರಲಿಲ್ಲ.

"ಹಿಂದಿನ ನಿಲ್ದಾಣದಲ್ಲೇ ಬಿಟ್ಟಿದ್ದೆ. ಬೆಂಚಿನ ಮೇಲೆ," ಎಂದರು ಮಾವ. "ಅಮ್ಮ ನನ್ನ ಕಡೆ ತಿರುಗಿದ್ರು. ತುಂಬ ಹೊತ್ತು ನನ್ನ ಕೈ ನೋಡಿದ್ರು. ಆಮೇಲೆ, ಹೋಗ್ಲಿ ಬಿಡು, ಆ ಹುಳಿ ಅಷ್ಟೇನೂ ಚೆನ್ನಾಗಿರ್ಲಿಲ್ಲ, ಅಂದ್ರು." ಕಾಲುಚೀಲ ಮೇಲೆಳೆದುಕೊಂಡು, "ಇಡೀ ಊರಲ್ಲಿ ಅಂಥ ರೊಟ್ಟಿ ಇನ್ನೊಂದಿರ್ಲಿಲ್ಲ," ಎಂದರು.

ಯಾರ್ಮೊ ಕತ್ತಲಲ್ಲಿ ಅಪ್ಪನ ಭುಜಕ್ಕೆ ಭುಜ ಒತ್ತಿ ಕೂತ. ನಾನು ಇಪ್ಪತ್ತಾರು ವರ್ಷದಿಂದ ಈ ಮನೆಯವರ ನಾಲಿಗೆಯನ್ನು ನೋಡಿ ತಲೆ ಚಚ್ಚಿಕೊಂಡವಳು, ಕೆಟ್ಟದ್ದನ್ನು ಕೆಟ್ಟದ್ದೆನ್ನಲು ಬಾರದ ಜನ ಎಂದು ಸ್ನೇಹಿತೆಯರ ಹತ್ತಿರ ಆಡಿಕೊಂಡವಳು. ಅದನ್ನು ಅವರು ಯಾವ ರೈಲಿನಲ್ಲಿ ಕಲಿತರೆಂದು ಆಗ ಗೊತ್ತಾಯಿತು.

ಸೋಮವಾರ ವಿಲ್ಯಾನೆನ್ ಅವರೇ ಫೋನ್ ಮಾಡಿದರು. ಮಾವ ಸ್ಪೀಕರ್ ಹಾಕಿ, ನನ್ನ ನೋಟ್‌ಬುಕ್ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು ಹೇಳಿದರು: "ಇನ್ನೂ ಸ್ವಲ್ಪ ಚೆನ್ನಾಗಿರಬಹುದಿತ್ತು."

ವಿಲ್ಯಾನೆನ್ ಕೂಡ ಇದೇ ಮಣ್ಣಿನವರು. ಅವರಿಗೂ ಒಬ್ಬ ಅಪ್ಪ ಇದ್ದಿರಬೇಕು.

"ಅಯ್ಯೋ," ಎಂದರು. "ಅಷ್ಟೊಂದು ಕೆಟ್ಟುಹೋಗಿದೆಯಾ?"

ವ್ಯಾಪಾರ ರದ್ದಾಯಿತು. ಗುರುವಾರ ವ್ಯಾನು ಬರುತ್ತದೆ. ಕಲ್ಲುಗಳನ್ನು ಇಳಿಸಿ, ಮೈಯೊರೆಸಿ, ತಮ್ಮ ಹೊಳಪು ಕಾಗದದೊಂದಿಗೆ ಬಾಗಿಲವರೆಗೆ ಕಳಿಸಿಕೊಡುತ್ತೇವೆ. ಮುಂದಿನ ಮನೆಯಲ್ಲಿ ಯಾರಾದರೂ ಮುದುಕರು ಮೇಲಿನ ಹಲಗೆಯಲ್ಲಿ ಕೂತು ಬಾಯಿ ತೆರೆದರೆ, ದಯವಿಟ್ಟು ವಾಕ್ಯ ಮುಗಿಯುವವರೆಗಾದರೂ ಕಾಯಿರಿ.

ಇಷ್ಟು ದಿನ ತಮ್ಮೆದುರು ನಡುಗಿದರೂ ಗೌರವ ತಪ್ಪದ,
ತಮ್ಮ ವಿಶ್ವಾಸಿ,
ಕಿರ್ಸಿ ಲೆಹ್ತಿಸಾರಿ

ಮರೆತ ಮಾತು: ಮಾವ ಇನ್ನೂ ಹೊಸ ಒಲೆ ಆರಿಸಿಲ್ಲ, ಅವಸರವೇನೂ ಇಲ್ಲವಂತೆ, ಈ ಶನಿವಾರ ಹಸುವಿಗೆ ಮುಂದೆ ಏನಾಯಿತೆಂದು ಹೇಳುತ್ತಾರೆ, ನಾವು ದಪ್ಪ ಕೋಟು ತರಬೇಕಂತೆ. ಗುರುವಾರ ತಾವು ವ್ಯಾನು ಹತ್ತುವಾಗ ಮಾವ ತಮ್ಮ ತಗಡು ತಟ್ಟಿ, "ಅಷ್ಟೇನೂ ಕೆಟ್ಟದಾಗಿರಲಿಲ್ಲ," ಎಂದು ಖಂಡಿತ ಹೇಳುತ್ತಾರೆ. ನಂಬಬೇಡಿ.